ಗಾಡಿ ಆಂಟಿಯ ಬಲಗಡೆ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಬಾಗಿಲ ಸಂದಿಗೆ ಬೆರಳು ಸಿಕ್ಕಿ ಒಳಗೇ ರಕ್ತ ಹೆಪ್ಪುಗಟ್ಟಿದಾಗ ಬರುತ್ತದಲ್ಲ, ಆ ಕಪ್ಪು. ಹಳೆಯ ಉಗುರು ಉದುರಿ ಹೊಸದು ಅರ್ಧ ಬೆಳೆಯುವಷ್ಟರಲ್ಲಿ ಅದೂ ಕಪ್ಪಾಗಿರುತ್ತಿತ್ತು. ಕೇಳಿದರೆ, "ಹೊಲದ ಗೇಟು ಕಣಮ್ಮಿ, ಚಿಲಕ ಕಚ್ತದೆ" ಎಂದು ಕೈಯನ್ನು ಜಾಕೆಟ್ಟಿನ ಜೇಬಿಗೆ ಸೇರಿಸಿಬಿಡುತ್ತಿದ್ದರು. ಆ ಕೆಲಸ ಮಾಡುವವರ ಕೈಯೆಲ್ಲ ಹಾಗೇ ಇರುತ್ತದೇನೋ ಎಂದುಕೊಂಡಿದ್ದೆ. ಎಡಗೈ ಉಗುರು ಒಂದು ದಿನವೂ ಕಪ್ಪಾಗಿದ್ದಿಲ್ಲ ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ.

ಅಮೆರಿಕದ ಓವರ್‌ಲೇಕಿನ ಕನ್ನಡದ ಮನೆಗಳಲ್ಲಿ ಅವರನ್ನು ಎಲ್ಲರೂ ಗಾಡಿ ಆಂಟಿ ಎನ್ನುತ್ತಿದ್ದರು. ಆಗ ಅವರಿಗೆ ಅರವತ್ತೆಂಟು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು; ಒಬ್ಬಳೇ ಮಗಳು ಟೆಕ್ಸಸ್‌ನಲ್ಲಿ. ಇವರು ಕೆನ್ಮೋರಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ. ಮದ್ದೂರಿನ ಕಡೆಯವರು. ಆ ದೇಶದಲ್ಲಿ ನಲವತ್ತು ವರ್ಷ ಕಳೆದಿದ್ದರೂ ಮಾತಿನಲ್ಲಿ ಮದ್ದೂರು ಹೋಗಿರಲಿಲ್ಲ, ಹಣೆಯಿಂದ ಕುಂಕುಮವೂ ಹೋಗಿರಲಿಲ್ಲ.

ಅವರ ಕೆಲಸ ಏನೆಂದು ಹೇಳಿದರೆ ಹೊಸಬರು ನಂಬುತ್ತಿರಲಿಲ್ಲ. ಸ್ನೋಕ್ವಾಲ್ಮಿ ಕಣಿವೆಯ ಮೇಲೆ ಸೂರ್ಯೋದಯಕ್ಕೆ ಜನರನ್ನು ಹೊತ್ತು ತೇಲುವ ಬಿಸಿಗಾಳಿಯ ಬಲೂನು ಒಂದಿತ್ತು. ಬಲೂನಿಗೆ ಸ್ಟಿಯರಿಂಗ್ ಇಲ್ಲ. ಗಾಳಿ ಎತ್ತ ಕರೆದೊಯ್ದರೆ ಅತ್ತ ಹೋಗಿ ಯಾರದೋ ಹೊಲದಲ್ಲಿ ಇಳಿಯುತ್ತದೆ. ಅದನ್ನೂ ಅದರ ಜನರನ್ನೂ ತುಂಬಿಕೊಂಡು ವಾಪಸು ಕರೆತರಲು ಕೆಳಗೆ ರಸ್ತೆಯಲ್ಲಿ ಒಂದು ವ್ಯಾನು ಹಿಂಬಾಲಿಸುತ್ತಲೇ ಇರಬೇಕು. ಆ ವ್ಯಾನನ್ನು ಹದಿನಾಲ್ಕು ವರ್ಷ ಓಡಿಸಿದವರು ಇವರು.

ನಾನು ಅವರನ್ನು ಮೊದಲು ನೋಡಿದ್ದು ಅಂಗಾತ ಬಿದ್ದುಕೊಂಡು. ನಮ್ಮ ಮದುವೆಯ ಏಳನೇ ವರ್ಷಕ್ಕೆಂದು ನನ್ನ ಗಂಡ ಬಲೂನು ಸವಾರಿಯ ಟಿಕೆಟ್ ತಂದಿದ್ದರು. ಅಕ್ಟೋಬರಿನ ಬೆಳಗು, ಮೈ ಕೊರೆಯುವ ಚಳಿ. ಬರ್ನರಿನ ಬೆಂಕಿ ಒಮ್ಮೆ ಭುಸ್ಸೆಂದಾಗ ನೆತ್ತಿ ಮಾತ್ರ ಬೆಚ್ಚಗಾಗುತ್ತಿತ್ತು. ಮೇಲೇರುತ್ತಿದ್ದಂತೆ ಕಣಿವೆಯ ಮಂಜು ಒಲೆಯ ಮೇಲಿನ ಹಾಲಿನಂತೆ ಅಂಚಿನವರೆಗೆ ಬಂದು ನಿಂತಿದ್ದು ಕಾಣಿಸಿತು. ಅದರೊಳಗಿಂದ ಹೊಳೆದಂಡೆಯ ಮೇಪಲ್ ಮರಗಳು ಹಳದಿ ತಲೆಗಳನ್ನು ಹೊರಗೆ ಹಾಕಿದ್ದವು. ಬ್ಲೂಬೆರಿ ಹೊಲಗಳು ಕುಂಕುಮದ ಭರಣಿ ಉರುಳಿದ ಹಾಗೆ. ನಡುನಡುವೆ ಫರ್ ಮರಗಳು, ಅವುಗಳಿಗಿನ್ನೂ ಬೆಳಗಾಗಿಲ್ಲವೇನೋ ಎಂಬಷ್ಟು ಕಪ್ಪಗೆ. ದೂರದಲ್ಲಿ ರೇನಿಯರ್ ಪರ್ವತದ ತುದಿ ಮಾತ್ರ ಗುಲಾಬಿ. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ನನ್ನ ಕಣ್ಣು ಕೆಳಗಿದ್ದ ಒಂದು ಬಿಳಿ ವ್ಯಾನಿನ ಮೇಲಿತ್ತು. ನಾವು ನಿಧಾನವಾದರೆ ಅದೂ ನಿಲ್ಲುತ್ತಿತ್ತು, ನಾವು ತಿರುಗಿದರೆ ಅದೂ ತಿರುಗುತ್ತಿತ್ತು.

ಇಳಿಯುವಾಗ ನಾವು ನಿಂತಿದ್ದ ಬುಟ್ಟಿ ನೆಲಕ್ಕೆ ತಾಗಿ, ಹುಲ್ಲಿನ ಮೇಲೆ ಉಜ್ಜಿಕೊಂಡು ಹೋಗಿ ಪಕ್ಕಕ್ಕೆ ಮಗುಚಿತು. ಅಂಗಾತ ಬಿದ್ದ ನನ್ನ ಮುಖದ ಮೇಲೆ ಇನ್ನೊಂದು ಮುಖ ಬಾಗಿತು.

"ಪೆಟ್ಟಾಯ್ತೇನಮ್ಮಿ? ಏಳು, ಏಳು. ದಿನಾ ಹಿಂಗೇ ಇಳಿಯೋದು."

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. "ನೀವು... ಕನ್ನಡ?"

"ಪೈಲಟ್ಟಿನ ವಾಕಿ-ಟಾಕೀಲಿ 'ಅಯ್ಯಯ್ಯೋ ದೇವ್ರೇ' ಅಂತ ಕಿರುಚಿದ್ಯಲ್ಲ, ಕಣಿವೆಗೆಲ್ಲ ಕೇಳಿಸ್ತು. ನಮ್ಮೋಳೇ ಅಂದ್ಕೊಂಡೆ."

ವಾಪಸು ಬರುವಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ತಗಡಿನ ಡಬ್ಬಿಯಿಂದ ಕೋಡುಬಳೆ ಕೊಟ್ಟರು. "ಆಂಟಿ, ನೀವು ಎಷ್ಟು ಸಲ ಮೇಲೆ ಹೋಗಿದೀರಾ?" ಎಂದು ಕೇಳಿದೆ.

"ಒಂದ್ಸಲಾನೂ ಇಲ್ಲ. ನಾನು ಮೇಲೆ ಹೋದ್ರೆ ಗಾಡಿ ಯಾರ್ ಓಡಿಸ್ತಾರೆ, ನಿನ್ ಗಂಡನಾ?" ಹಿಂದಿನ ಸೀಟಿನಲ್ಲಿ ಇವರು ಫೋನಿನಲ್ಲಿ ದಾರಿ ಹುಡುಕುತ್ತಿದ್ದರು. "ಆಕಾಶ ನೋಡೋದು ಅವರ ಕೆಲಸ, ರೋಡ್ ನೋಡೋದು ನನ್ ಕೆಲಸ."

ನಾನು ಆಗ ಗಂಡನ ವೀಸಾದ ನೆರಳಿನಲ್ಲಿ ಬಂದವಳು, ಕೆಲಸ ಮಾಡುವಂತಿರಲಿಲ್ಲ. ಗಾಡಿ ಓಡಿಸಲು ಬರುತ್ತಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟ ಮೇಲೆ ಮಧ್ಯಾಹ್ನದವರೆಗೆ ಫ್ರಿಜ್ಜಿನ ಸದ್ದು ಕೇಳುತ್ತ ಕೂರುವುದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಆಂಟಿಗೂ ಹೇಳಲಿಲ್ಲ. ಆದರೂ ಮುಂದಿನ ಬುಧವಾರ ವ್ಯಾನು ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಬಂದು ನಿಂತಿತು. "ಬಾ, ಡ್ರೈವಿಂಗ್ ಕಲಿಸ್ತೀನಿ. ನಾನೂ ನಲವತ್ತೈದಕ್ಕೆ ಕಲ್ತಿದ್ದು, ಆ ಮನುಷ್ಯ ಹೋದ್ಮೇಲೆ. ಅಲ್ಲೀಗಂಟ ಹಾಲು ತರೋಕೂ ಅವರ ಮುಖ ನೋಡ್ತಿದ್ದೆ."

ಅವರ ಪಾಠದಲ್ಲಿ ಮುಲಾಜಿರಲಿಲ್ಲ. ನಾನು ಹಿಂದಿನ ಗಾಡಿಯವರಿಗೆ ಸಾರಿ, ಮುಂದಿನವರಿಗೆ ಸಾರಿ ಎನ್ನುತ್ತಿದ್ದೆ. "ಕಾನ್ವೆಂಟಲ್ಲಿ ಸಾರಿ ಒಂದೇ ಕಲಿಸಿದ್ರಾ? ಸ್ಟಾಪ್ ಸೈನಿಗೂ ಸಾರಿ ಹೇಳ್ತೀಯಲ್ಲಮ್ಮಿ, ಅದೇನು ನಿಮ್ ಸಿಸ್ಟರ್ರಾ?" ಮೂರನೇ ಸಲಕ್ಕೆ ನನಗೆ ಲೈಸೆನ್ಸ್ ಸಿಕ್ಕಿತು. ಆ ದಿನ ಅವರು ಶ್ಯಾವಿಗೆ ಪಾಯಸ ಮಾಡಿಕೊಂಡು ಬಂದಿದ್ದರು. ನನ್ನ ಮಗಳು ಒಂದು ಚಮಚ ಬಾಯಿಗಿಟ್ಟು ಇಂಗ್ಲಿಷಿನಲ್ಲಿ ಚೆನ್ನಾಗಿದೆ ಎಂದಳು. "ಹಂಗಂದ್ರೆ ಏನು? ನಂಗೆ ಇಂಗ್ಲಿಷ್ ಬರಲ್ಲ," ಎಂದು ಅವಳ ಬಾಯಿಂದ ಕನ್ನಡ ಬರುವವರೆಗೆ ಎರಡನೇ ಚಮಚ ಕೊಡಲಿಲ್ಲ.

ಮುಂದಿನ ವರ್ಷ ಬಲೂನು ಹಾರುವ ಕಾಲ ಬಂದಾಗ ಶನಿವಾರ ಭಾನುವಾರ ಬೆಳಗ್ಗೆ ನಾನು ಅವರ ಜೊತೆ ಹೋಗತೊಡಗಿದೆ. ಸುಮ್ಮನೆ, ಜೊತೆಗೆ. ಅಲ್ಲಿ ಗಾಡಿ ಓಡಿಸುವವರು ಕೂರುವುದು ಎಡಗಡೆ. ನನ್ನ ಜಾಗ ಅವರ ಬಲಗಡೆ. ಮೊದಲು ಆಂಟಿ ಪುಟ್ಟದೊಂದು ಕಪ್ಪು ಬಲೂನನ್ನು ಆಕಾಶಕ್ಕೆ ಬಿಟ್ಟು ಗಾಳಿ ಎತ್ತಲಿದೆ ನೋಡುವರು. ದೊಡ್ಡದು ಮೇಲೆದ್ದ ಮೇಲೆ ನಾವು ಹೊರಡುವುದು. ಅವರಿಗೆ ಕಣಿವೆಯ ಒಂದೊಂದು ಗೇಟೂ ಗೊತ್ತಿತ್ತು. ಬಲೂನು ಯಾರ ಹೊಲದಲ್ಲೇ ಇಳಿಯಲಿ, ಮೊದಲು ಆ ಮನೆಯ ಬಾಗಿಲು ತಟ್ಟಿ, ಕೇಳಿ, ಆಮೇಲೆ ಗಾಡಿ ಒಳಗೆ. ಬೇರೆ ಬಲೂನಿನವರು ಹೊಲದವರಿಗೆ ವೈನ್ ಬಾಟಲಿ ಕೊಡುತ್ತಿದ್ದರಂತೆ. ಆಂಟಿ ಕೋಡುಬಳೆ ಕೊಡುತ್ತಿದ್ದರು. ಗೇಟಿನ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. "ಮುಚ್ಚಿದ್ರೆ ಮುಚ್ಚಿ ಬರ್ಬೇಕು, ತೆಗ್ದಿದ್ರೆ ತೆಗ್ದೇ ಬರ್ಬೇಕು. ನಾವು ಬಂದೋಗಿದ್ದು ಅವರ ದನಕ್ಕೂ ಗೊತ್ತಾಗ್ಬಾರದು."

ಡುವಾಲ್ ಹತ್ತಿರ ಒಂದು ಕುಂಬಳಕಾಯಿ ತೋಟ. ಅಲ್ಲಿನ ಮುದುಕನ ಬಳಿ ಕಂದು ಬಣ್ಣದ ಹೆಣ್ಣು ನಾಯಿ. ವ್ಯಾನು ಕಂಡರೆ ಸಾಕು, ಕೋಡುಬಳೆಗೆಂದು ಓಡಿ ಬರುತ್ತಿತ್ತು. ಆ ಅಕ್ಟೋಬರಿನ ಮೊದಲ ಭಾನುವಾರ ಬಲೂನು ಆ ತೋಟದ ಹಿಂದೆ ಇಳಿಯಿತು. ಆಂಟಿ ಮಣ್ಣುದಾರಿಗೆ ತಿರುಗಿಸಿದರು. ನಾಯಿ ಬಲಗಡೆಯ ಜಗಲಿಯಿಂದ ಇಳಿದದ್ದನ್ನು ನಾನು ನೋಡಿದೆ. ಟಪಾಲು ಪೆಟ್ಟಿಗೆ ದಾಟಿತು, ಬಾಲ ಅಲ್ಲಾಡಿಸುತ್ತಿತ್ತು. ಬೇಲಿಯುದ್ದಕ್ಕೂ ಬಂತು. ಅಷ್ಟು ಹೊತ್ತೂ ಅವರೂ ನೋಡುತ್ತಿದ್ದಾರೆ ಎಂದೇ ನಾನು ಎಣಿಸಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಧಡ್ ಎಂದಿತು.

ಆಂಟಿ ಬ್ರೇಕ್ ಒತ್ತಿದರು. "ಏನದು?" ಎಂದು ಕೇಳಿದರು. ಕೇಳಿ, ಎಡಗಡೆಯ ಕಿಟಕಿಯತ್ತ ನೋಡಿದರು.

ಮುದುಕ ಬಂದು ಟೊಪ್ಪಿಗೆ ತೆಗೆದು ನೆಲದ ಮೇಲೆ ಕೂತ. ನಾಯಿಗೆ ಹದಿಮೂರು ವರ್ಷ, ಕಿವಿಯೂ ಕೇಳುತ್ತಿರಲಿಲ್ಲ, ನಿನ್ನ ತಪ್ಪಲ್ಲ ಎಂದು ಅವನೇ ಆಂಟಿಗೆ ಸಮಾಧಾನ ಹೇಳಿದ. ಆಂಟಿ ಅವನ ಕೈಯಿಂದ ಸಲಿಕೆ ತೆಗೆದುಕೊಂಡು ತಾವೇ ಗುಂಡಿ ತೋಡಿದರು. ವಾಪಸು ಬರುವಾಗ "ಅಡ್ಡ ಬಂದ್ಬುಡ್ತು" ಎಂದರು.

"ಹೌದು ಆಂಟಿ, ಸಡನ್ನಾಗಿ ಬಂತು," ಎಂದೆ.

ಸುಳ್ಳು. ಅಷ್ಟು ಸಲೀಸಾಗಿ ನನ್ನ ಬಾಯಿಂದ ಸುಳ್ಳು ಬಂದದ್ದು ಅದೇ ಮೊದಲು. ಕೋಡುಬಳೆ ಡಬ್ಬಿಯನ್ನು ಅವರು ಮತ್ತೆಂದೂ ತರಲಿಲ್ಲ.

ಅವತ್ತಿನಿಂದ ನನಗೆ ಒಂದೊಂದಾಗಿ ಕಾಣತೊಡಗಿತು. ಬಲಗಡೆಯ ಕನ್ನಡಿಯ ಮೇಲೆ ಯಾರದೋ ಟಪಾಲು ಪೆಟ್ಟಿಗೆಗೆ ಉಜ್ಜಿ ಅಂಟಿದ ಹಸಿರು ಬಣ್ಣ. ಅವರ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿ ಬಾಟಲಿಯ ಹಿಂದೆ ಕಣ್ಣಿನ ಡ್ರಾಪ್ಸ್. ಬಲಗಡೆಯಿಂದ ಯಾರಾದರೂ ಕೈ ಕುಲುಕಲು ಬಂದರೆ ಅವರು ನೋಡದೇ ಮುಂದೆ ಹೋಗುವುದು. ಆಂಟಿಗೆ ಜಂಬ ಎಂದು ಕೆಲವರು ಆಡಿಕೊಂಡಿದ್ದರು. ಮತ್ತೆ ಆ ಹೆಬ್ಬೆರಳು.

ಗಾಡಿಯಲ್ಲಿ ನಮ್ಮ ನಡುವೆ ಒಂದು ಆಟ ಶುರುವಾಯಿತು. ನಾನು ಸುಮ್ಮನೆ ಹರಟುವಂತೆ, "ಅಬ್ಬ, ಈ ಚಳೀಲೂ ಸೈಕಲ್ ತುಳೀತಿದಾರೆ ನೋಡಿ ಆಂಟಿ, ಬಲಗಡೆ" ಎನ್ನುವುದು. ಅವರು "ಹೂಂ, ಮಾಡೋಕ್ ಬೇರೆ ಕೆಲ್ಸ ಇಲ್ಲ ಅವಕ್ಕೆ" ಎನ್ನುತ್ತ ಗಾಡಿಯನ್ನು ಸ್ವಲ್ಪ ಎಡಕ್ಕೆ ಸರಿಸುವುದು. ನನಗೆ ಗೊತ್ತಾಗಿದೆ ಎಂಬುದು ಅವರಿಗೆ ಗೊತ್ತಿಲ್ಲ ಎಂದೇ ನಾನು ತಿಳಿದಿದ್ದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಇವರು ಲ್ಯಾಪ್‌ಟಾಪ್ ಮುಚ್ಚಿದರು. "ಇದು ಸೀರಿಯಸ್ ಕಣೇ. ಯಾರಾದ್ರೂ ಮಗು ಅಡ್ಡ ಬಂದ್ರೆ? ಆಂಟಿ ಹತ್ರ ಮಾತಾಡು."

"ಅವರಿಗೆ ಹೇಗ್ರೀ ಹೇಳೋದು?"

"ಹೇಗೆ ಅಂದ್ರೆ? ಬಾಯಿಂದ."

ಎರಡು ವಾರ ಬಾಯಿ ಬರಲಿಲ್ಲ. ಮೂರನೇ ಶನಿವಾರ ಬೆಳಗಿನ ಐದಕ್ಕೆ ಎದ್ದು ನೋಡಿದರೆ ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಇವರು ಕೆಲಸದ ಮೇಲೆ ಊರಲ್ಲಿರಲಿಲ್ಲ. ಆಂಟಿ ಐದೂಮುಕ್ಕಾಲಿಗೆ ನನ್ನನ್ನು ಕರೆದುಕೊಳ್ಳಲು ಬರುವವರಿದ್ದರು. ಆವತ್ತು ಬರುವುದಿಲ್ಲ ಎಂದು ಅವರಿಗೆ ಒಂದು ಕಾಲ್ ಮಾಡಬೇಕಿತ್ತು, ಅಷ್ಟೇ. ಅವರ ಹೆಸರು ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾನಿಲ್ಲದ ಬಲಗಡೆ ಕಣ್ಣಿಗೆ ಕಟ್ಟಿತು: ಖಾಲಿ ಸೀಟು, ಮಂಜು, ಸೈಕಲ್ಲು. ಬಲೂನು ಹಾರಿಸುವ, ಗಾಡಿಯ ಒಡೆಯನೂ ಆದ ಪೈಲಟ್‌ಗೆ ಫೋನ್ ಮಾಡಿದೆ. ಇಷ್ಟು ಬೆಳಗ್ಗೆ ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ ಎಂದು ಕಾನ್ವೆಂಟ್ ಇಂಗ್ಲಿಷಿನಲ್ಲಿ ಶುರುಮಾಡಿ, ಆಂಟಿಗೆ ಬಲಗಣ್ಣು ಕಾಣುವುದಿಲ್ಲ, ದಯವಿಟ್ಟು ಗಾಡಿ ಕೊಡಬೇಡಿ ಎಂದು ಮುಗಿಸಿದೆ. ಆಮೇಲೆ ಆಂಟಿಗೆ ಮೆಸೇಜ್ ಹಾಕಿದೆ: ಮಗಳಿಗೆ ಜ್ವರ, ಬರಲಾಗುವುದಿಲ್ಲ. ಅದನ್ನು ಅವರು ನೋಡಿದ್ದು ಬಲೂನು ಮೇಲೇರುವ ಹೊಲಕ್ಕೆ ಹೋದ ಮೇಲೆ. ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಹತ್ತು ನಿಮಿಷ ಕಾದು, ಮಲಗಿರಬೇಕು ಎಂದುಕೊಂಡು ಹೋಗಿದ್ದರಂತೆ. ಆ ಹತ್ತು ನಿಮಿಷ ನಾನು ಪರದೆಯ ಹಿಂದೆ ನಿಂತು ಅವರ ಗಾಡಿಯ ದೀಪ ನೋಡುತ್ತಿದ್ದೆ. ಕೆಳಗೆ ಇಳಿಯಲಿಲ್ಲ.

ಹೊಲದಲ್ಲಿ ಏನಾಯಿತೆಂದು ಪೈಲಟ್ಟೇ ನನಗೆ ಹೇಳಿದ್ದು. ಕೆಟ್ಟ ಮನುಷ್ಯನಲ್ಲ. ಬಲೂನಿಗೆ ಗಾಳಿ ತುಂಬುವ ದೊಡ್ಡ ಫ್ಯಾನು ಓಡುತ್ತಿತ್ತು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸಲಿಲ್ಲ. ಅವನು ಕಿರುಚಬೇಕಾಯಿತು: ನಿನಗೆ ಕಣ್ಣು ಕಾಣುತ್ತಿಲ್ಲ, ಕೀ ಕೊಡು. ಕಾಫಿ ಲೋಟ ಹಿಡಿದು ನಿಂತ ಹತ್ತು ಹನ್ನೆರಡು ಸವಾರರೆಲ್ಲ ತಿರುಗಿ ನೋಡಿದರಂತೆ. ಆಂಟಿ ಕೀಗೊಂಚಲಿನಿಂದ ತಮ್ಮ ಹಿತ್ತಾಳೆಯ ಗಣಪನನ್ನು ಬಿಡಿಸಿಕೊಂಡು, ಕೀಯನ್ನು ಅವನ ಕೈಗಿಟ್ಟು, ಪಯಣಿಗರ ಸೀಟಿನಲ್ಲಿ ಹೋಗಿ ಕೂತರಂತೆ. ನನ್ನ ಜಾಗದಲ್ಲಿ.

ಸೋಮವಾರ ಕೆನ್ಮೋರಿಗೆ ಹೋದೆ, ಅವರು ಕಲಿಸಿದ ಡ್ರೈವಿಂಗಿನಲ್ಲಿ. ಬಾಗಿಲು ತೆರೆದರು. ಒಳಗೆ ಬಾ ಎಂದರು. ಕಾಫಿ ಬೆರೆಸಿ ಲೋಟಕ್ಕೆ ಹೊಯ್ಯುವಾಗ ಬಲಗಡೆ ಸ್ವಲ್ಪ ಚೆಲ್ಲಿತು. ಅವರು ಒರೆಸಲಿಲ್ಲ. ನಾನು ಒರೆಸಲು ಎದ್ದೆ.

"ಕೂತ್ಕೋ. ಮಗೀಗೆ ಹೆಂಗದೆ?"

"ಜ್ವರ ಇಳೀತು ಆಂಟಿ. ಆಂಟಿ, ಸಾರಿ..."

"ಸಾರಿ ಬ್ಯಾಡ. ಅದನ್ನ ಸ್ಟಾಪ್ ಸೈನಿಗೆ ಹೇಳು." ಅವರು ನಗಲಿಲ್ಲ. "ನಾಯಿ ಸತ್ತ ದಿವ್ಸವೇ ನಂಗೆ ಗೊತ್ತಾಯ್ತು ನಿಂಗೆ ಗೊತ್ತಾಗ್ಬುಟ್ಟದೆ ಅಂತ. ಸೈಕಲ್ ನೋಡಿ, ಮರ ನೋಡಿ ಅಂತ ನೀನು ಹೇಳ್ತಿದ್ದೆ, ನಾನೇನು ದಡ್ಡೀನಾ? ಸೀಸನ್ ಮುಗಿಯೋಕೆ ಎರಡ್ ವಾರ ಇತ್ತು. ಮುಗಿಸಿ ಕೀ ಕೊಟ್ಬಿಡ್ತಿದ್ದೆ. ನೀನು ಪಕ್ಕದಲ್ಲಿದ್ದೀಯ ಅಂತ ತಾನೇ ಓಡಿಸ್ತಿದ್ದೆ? ಬರಕ್ಕಾಗಲ್ಲ ಆಂಟಿ ಅಂತ ಒಂದ್ ಮಾತು ನಂಗೆ ಹೇಳಿದ್ರೆ, ನಾನೇ ಅವತ್ತು ಹೋಯ್ತಿರ್ಲಿಲ್ಲ ಕಣಮ್ಮಿ."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ನೀನು ಮಾಡಿದ್ದು ತಪ್ಪಲ್ಲ. ನಾಳೆ ಯಾರ ಮಗೀನೋ ಸಾಯ್ತಿತ್ತು. ಆದ್ರೆ ಮುಖಕ್ಕೆ ಹೇಳ್ಬೇಕು. ನಾನು ನಿನ್ ಮನೆ ಮುಂದೆ ನಿಂತಿದ್ದೆ. ಕಾಫಿ ಆರ್ತದೆ, ಕುಡಿ."

ಅವರು ನಿಜವಾಗಿಯೂ ಹೋಗುತ್ತಿರಲಿಲ್ಲವೇ? ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ. ಆ ಪ್ರಶ್ನೆ ಮಾತ್ರ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಈಗಲೂ ಬಂದು ಪಕ್ಕದಲ್ಲಿ ನಿಲ್ಲುತ್ತದೆ.

ಪೈಲಟ್ ಅವರ ಮನೆಗೆ ಹೋಗಿ ಕ್ಷಮೆ ಕೇಳಿದ. ಸೀಸನ್ನಿನ ಕೊನೆಯ ಹಾರಾಟಕ್ಕೆ ಮೇಲೆ ಬಾ ಎಂದು ಕರೆದ. "ಅವಳು ಗಾಡಿ ಓಡಿಸೋದಾದ್ರೆ ಬತ್ತೀನಿ," ಎಂದರಂತೆ. ಅದು ಕ್ಷಮೆಯೋ ಶಿಕ್ಷೆಯೋ, ನಾನು ಕೇಳಲಿಲ್ಲ.

ಆ ಬೆಳಗ್ಗೆ ಅವರು ಕಂಚಿ ಸೀರೆಯ ಮೇಲೆ ಜಾಕೆಟ್ ಹಾಕಿ, ಬೂಟು ತೊಟ್ಟು ಬಂದಿದ್ದರು. ಬುಟ್ಟಿಯ ಅಂಚು ದಾಟಿಸಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಬಲೂನು ಮೇಲೆದ್ದಿತು. ನಾನು ಅವರ ಸೀಟಿನಲ್ಲಿ, ಅವರ ದಿಂಬಿನ ಮೇಲೆ ಕೂತು ಹೊರಟೆ. ಬಲಗಡೆಯ ಸೀಟು ಖಾಲಿ. ಎಲೆಗಳು ಅರ್ಧ ಉದುರಿ ರಸ್ತೆಯ ಮೇಲೆ ಒದ್ದೆಯಾಗಿ ಅಂಟಿದ್ದವು. ಸ್ವಲ್ಪ ಹೊತ್ತಿಗೆ ವಾಕಿ-ಟಾಕಿ ಕರೆಯಿತು.

"ಅಮ್ಮಿ, ಎಲ್ಲಿದ್ದೀಯಾ?"

"ಸೇತುವೆ ದಾಟಿದೆ ಆಂಟಿ."

"ಅಷ್ಟು ಹತ್ರ ಬರ್ಬ್ಯಾಡ. ಗಾಳಿ ತಿರುಗ್ತದೆ, ಆಮೇಲೆ ರಿವರ್ಸ್ ತಗೊಂಡು ಒದ್ದಾಡ್ತೀಯಾ."

"ಮೇಲೆ ಹೇಗಿದೆ ಆಂಟಿ? ಬಣ್ಣ ಎಲ್ಲಾ ಕಾಣ್ತಿದ್ಯಾ?"

ಬರ್ನರಿನ ಸದ್ದು ಬಂದು ಹೋಯಿತು. "ಎಡಗಡೆ ಕೆಂಪಗದೆ. ಬಲಗಡೇದು ಪೈಲಟ್ ಹೇಳ್ತಾವ್ನೆ."

ನಾನು ಗಾಡಿ ನಿಲ್ಲಿಸಿಬಿಟ್ಟೆ. ತಕ್ಷಣ ದನಿ ಬಂತು. "ಯಾಕೆ ನಿಂತೆ? ಹೋಗು, ಹೋಗು." ಆಮೇಲೆ, "ನನ್ ಗಾಡಿ ಇಷ್ಟೇ ಇಷ್ಟು ಕಾಣ್ತದಾ ಇಲ್ಲಿಂದ? ಹದಿನಾಕು ವರ್ಷ, ಮೇಲಿರೋರೆಲ್ಲ ನನ್ನೇ ನೋಡ್ತಾವ್ರೆ ಅಂದ್ಕೊಂಡು ಓಡಿಸ್ದೆ."

"ನಾನು ನೋಡಿದ್ದೆ ಆಂಟಿ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಬಲೂನು ಒಂದು ದನದ ಹೊಲದಲ್ಲಿ ಇಳಿಯಿತು. ಬಾಗಿಲು ತಟ್ಟಿ, ಕೇಳಿ, ಒಳಗೆ ಹೋದೆ. ಬುಟ್ಟಿಯಿಂದ ಇಳಿದ ಆಂಟಿಯ ಕಣ್ಣು ಎರಡೂ ಒದ್ದೆಯಾಗಿದ್ದವು, ಮೇಲಿನ ಗಾಳಿಗೆ ಎಂದರು. ಕೇಳಿದ ಮೊದಲ ಮಾತು, "ಗೇಟು ಹೆಂಗಿತ್ತು?"

"ಮುಚ್ಚಿತ್ತು. ಮುಚ್ಚಿ ಬಂದಿದೀನಿ."

"ಸರಿ" ಎಂದರು.

ಗಾಡಿಯಿಲ್ಲದೆ ಕೆನ್ಮೋರಿನಲ್ಲಿ ಒಬ್ಬರೇ ಇರುವುದು ಅವರಿಂದಾಗಲಿಲ್ಲ. ಕ್ರಿಸ್‌ಮಸ್‌ಗೆ ಮೊದಲೇ ಮಗಳ ಮನೆಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟವಳು ನಾನು. ದಾರಿಯಲ್ಲಿ, "ಕಣ್ಣಿನ ಸಂಗತಿ ಮಗಳಿಗೆ ಹೇಳ್ಬ್ಯಾಡ. ಗಾಬರಿ ಬೀಳ್ತಾಳೆ. ನಾನೇ ಸಮಯ ನೋಡ್ಕಂಡು ಹೇಳ್ತೀನಿ," ಎಂದರು. ಆಗಲಿ ಆಂಟಿ ಎಂದೆ. ಒಂದು ಸಲ ಅವರ ಬೆನ್ನ ಹಿಂದೆ ಹೇಳಿ ಏನಾಗಿತ್ತೆಂದು ನೋಡಿದ್ದೆನಲ್ಲ. ವಾರಕ್ಕೊಮ್ಮೆ ಕಾಲ್ ಮಾಡುತ್ತಿದ್ದೆ. "ಮಗಳಿಗೆ ಹೇಳಿದ್ರಾ ಆಂಟಿ?" ಎಂದರೆ "ಹೇಳ್ತೀನಿ, ಹೇಳ್ತೀನಿ" ಎನ್ನುತ್ತಿದ್ದರು. ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ.

ಎರಡನೇ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಮಗಳು. ಅಮ್ಮ ಮಹಡಿ ಮೆಟ್ಟಿಲಿಂದ ಬಿದ್ದರು. ಮಡಚಿದ ಬಟ್ಟೆ ಹಿಡಿದು ಇಳಿಯುತ್ತಿದ್ದರು. ಮೆಟ್ಟಿಲು ಬಲಕ್ಕೆ ತಿರುಗುವ ಜಾಗ. ತಲೆಗೆ ಪೆಟ್ಟಾಗಿ ಮೂರು ದಿನ ಇದ್ದು ಹೋದರು. ಅಮೆರಿಕದಲ್ಲೇ ಹುಟ್ಟಿದ ಹುಡುಗಿ. ಹೆಚ್ಚೆಲ್ಲ ಇಂಗ್ಲಿಷಿನಲ್ಲೇ ಹೇಳಿದಳು. ಕೊನೆಯಲ್ಲಿ ತಾಯಿಯ ಕನ್ನಡದಲ್ಲಿ, ತಡವರಿಸುತ್ತ ಕೇಳಿದಳು.

"ಡಾಕ್ಟ್ರು ಹೇಳಿದ್ರು, ಅಮ್ಮಂಗೆ ರೈಟ್ ಐ ಕಾಣ್ತಾನೇ ಇರ್ಲಿಲ್ಲ ಅಂತ. ಡ್ರೈವಿಂಗ್ ಸಾಕಾಯ್ತು, ಬಿಟ್ಟೆ ಅಂತ ಅಮ್ಮ ನಂಗೆ ಹೇಳಿದ್ದು. ಅಕ್ಕಾ, ನೀವು ಅಮ್ಮನ ಪಕ್ಕದಲ್ಲೇ ಕೂರ್ತಿದ್ರಿ. ನಿಮಗೆ ಗೊತ್ತಿತ್ತಾ?"

ಸಾರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ.

"ಗೊತ್ತಿತ್ತು" ಎಂದೆ.

ಅವಳು ಫೋನು ಇಟ್ಟಳು. ನಾನು ಇಡಲಿಲ್ಲ.